ಭೀಮನ ಕಾಲು

ನಮ್ಮ ಮನೆಗೆ ದಾರಿ ಕೇಳಿದವರಿಗೆ ಬೀದಿಯವರು ಈಗಲೂ "ಮೂರು ಕಾಲಿನ ನಾಯಿ ಇತ್ತಲ್ಲ, ಆ ಮನೆ" ಎಂದೇ ತೋರಿಸುತ್ತಾರೆ. ಇವರು ಮೂವತ್ತು ವರ್ಷ ಮೇಷ್ಟ್ರಾಗಿ ದುಡಿದ ಊರಿನಲ್ಲಿ ಮನೆಯ ಗುರುತಾಗಿ ಉಳಿದದ್ದು ನಾಯಿ! ಇವರಿಗೆ ಅದು ಒಳಗೊಳಗೇ ಸ್ವಲ್ಪ ಬೇಸರ. ನನಗೇನೂ ಇಲ್ಲ. ಆದರೆ ಬಂದವರು ಕಾಫಿ ಕುಡಿಯುತ್ತಾ, "ಅಲ್ಲಾ, ಮೂಕ ಪ್ರಾಣಿಯ ಕಾಲು ತೆಗೆಸೋಕೆ ನಿಮಗೆ ಮನಸ್ಸಾದರೂ ಹೇಗೆ ಬಂತು?" ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಭೀಮನ ತಾಯಿ ಅಪ್ಪಟ ಆಲ್ಸೇಷಿಯನ್. ತಂದೆ ಯಾರೆಂಬುದು ತಿಪಟೂರಿನ ಕೊಬ್ಬರಿ ಮಂಡಿಯ ಬೀದಿಗೇ ಗೊತ್ತು. ಮುದ್ದೆ, ಮಜ್ಜಿಗೆ, ಮಿಕ್ಕ ಸಾರು ತಿಂದು ಮೂವತ್ತಾರು ಕೆ.ಜಿ. ಬೆಳೆದಿದ್ದ. ಹೆಸರಿಗೆ ತಕ್ಕ ಗಾತ್ರ, ಧೈರ್ಯ ಮಾತ್ರ ಉತ್ತರಕುಮಾರನದು. ಪಟಾಕಿ ಸದ್ದಾದರೆ ಅತ್ತೆಯವರ ಮಂಚದ ಕೆಳಗೆ.

ಅವನಿಗೆ ಎಂಟು ವರ್ಷವಾಗಿದ್ದಾಗ, 2023ರ ಜುಲೈ ಕೊನೆಯಲ್ಲಿ, ಬಲ ಮುಂಗಾಲು ಊರುವಾಗ ಕುಂಟತೊಡಗಿದ. ಊರಿನಲ್ಲೇ ಒಬ್ಬರಿಗೆ ತೋರಿಸಿದೆವು, ಹೆಸರು ಬೇಡ. "ಉಳುಕಿದೆ" ಎಂದು ಸೂಜಿ ಹಾಕಿದರು. ಎರಡು ದಿನ ಚೆನ್ನಾಗಿ ಓಡಾಡಿದ, ಮೂರನೇ ದಿನ ಮತ್ತೆ ಕುಂಟಿದ. ಮತ್ತೆ ಹೋದೆವು, ಮತ್ತೆ ಸೂಜಿ. ಹೀಗೆ ಐದು ವಾರ ಕಳೆಯಿತು. ಅಷ್ಟರಲ್ಲಿ ಮಣಿಕಟ್ಟಿನ ಸ್ವಲ್ಪ ಮೇಲೆ ನಿಂಬೆಕಾಯಿಯಷ್ಟು ಗಟ್ಟಿಯಾದ ಊತ ಕಾಣಿಸಿತು. ಮುಟ್ಟಲು ಹೋದರೆ ಎಂದೂ ಗುರ್ ಎನ್ನದವನು ಗುರ್ ಎಂದ. ರಾತ್ರಿ ಮಲಗಲಾರ. ಒಂದು ಮಗ್ಗುಲಿಗೆ ಬೀಳುವುದು, ಏಳುವುದು, ನಡುಮನೆಯಿಂದ ಹಿತ್ತಿಲ ಬಾಗಿಲಿಗೆ, ಅಲ್ಲಿಂದ ಮತ್ತೆ ನಡುಮನೆಗೆ. ಉಗುರಿನ ಟಕಟಕ ಸದ್ದು ಕೇಳುತ್ತಾ ನಾವೂ ಎಚ್ಚರವಾಗಿರುತ್ತಿದ್ದೆವು. ಒಂದು ರಾತ್ರಿ ಇವರು ತಮ್ಮ ಮಂಡಿನೋವಿನ ಮಾತ್ರೆಯನ್ನೇ ಅರ್ಧ ಮುರಿದು ಕೊಡೋಣವೆಂದು ಎದ್ದರು, ನಾನು ಬಿಡಲಿಲ್ಲ. ಬಿಡದಿದ್ದದ್ದೇ ಒಳ್ಳೆಯದಾಯಿತೆಂದು ಆಮೇಲೆ ಡಾಕ್ಟರು ಹೇಳಿದರು. ನಾವು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವಂತೆ. ನಾಯಿ ಸಾಕಿದ ಸೋದರಿಯರು ಇದೊಂದನ್ನು ಖಂಡಿತ ನೆನಪಿಡಿ.

ಗೌರಿ ಹಬ್ಬಕ್ಕೆ ಎರಡು ವಾರವಿರುವಾಗ ಬಾಡಿಗೆ ಕಾರು ಮಾಡಿಕೊಂಡು ತುಮಕೂರಿಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎಕ್ಸ್‌ರೇ ತೆಗೆದು, ನಮ್ಮನ್ನು ಹತ್ತಿರ ಕರೆದು ತೋರಿಸಿದರು. ಬೇರೆ ಮೂಳೆಗಳೆಲ್ಲ ಬೆಳ್ಳಗೆ, ಅಂಚು ನೇರವಾಗಿದ್ದವು. ಊತವಿದ್ದ ಜಾಗ ಮಾತ್ರ ಗೆದ್ದಲು ಹಿಡಿದ ತೊಲೆಯ ಹಾಗೆ ಒಳಗೊಳಗೇ ಪೊಳ್ಳಾಗಿತ್ತು.

"ಅಮ್ಮಾ, ಇದು ಮೂಳೆಯ ಕ್ಯಾನ್ಸರ್ ಇರೋ ಹಾಗಿದೆ. ಆಸ್ಟಿಯೋಸಾರ್ಕೋಮಾ ಅಂತಾರೆ. ಸೂಜಿಯಲ್ಲಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸ್ತೀನಿ" ಎಂದರು.

"ನಾಯಿಗೂ ಕ್ಯಾನ್ಸರಾ? ಸಿಗರೇಟು ಸೇದಿತ್ತಾ, ಹೊಗೆಸೊಪ್ಪು ಹಾಕಿತ್ತಾ?" ಎಂದರು ಇವರು. ತಮಾಷೆಗೆ ಹೇಳಿದ್ದಲ್ಲ, ಪಾಪ. ಬಾಯಿಗೆ ಬೇರೇನೂ ಬರಲಿಲ್ಲ.

ದೊಡ್ಡ ಜಾತಿಯ ನಾಯಿಗಳಿಗೇ ಇದು ಹೆಚ್ಚಂತೆ. ಹಿಂಗಾಲಿಗಿಂತ ಮುಂಗಾಲಿಗೆ ಎರಡು ಪಟ್ಟು ಬರುತ್ತದಂತೆ, ಅದರಲ್ಲೂ ಮಣಿಕಟ್ಟಿನ ಹತ್ತಿರ. ಯಾರು ಏನು ಮಾಡಿದ್ದರಿಂದಲೂ ಬಂದದ್ದಲ್ಲ ಎಂದು ಅವರು ಹೇಳಿದಾಗ ನನಗೆ ಉಸಿರು ಬಂದಂತಾಯಿತು. ಮೆಟ್ಟಿಲ ಮೇಲೆ ಓಡಬಿಟ್ಟಿದ್ದಕ್ಕೇ ಹೀಗಾಯಿತೆಂದು ಪಕ್ಕದ ಮನೆಯವರು ಆಗಲೇ ತೀರ್ಪು ಕೊಟ್ಟಿದ್ದರಲ್ಲ!

ವಾರದ ನಂತರ ಪರೀಕ್ಷೆಯ ವರದಿ ಬಂತು. ಅನುಮಾನ ನಿಜವಾಗಿತ್ತು. ಎದೆಯ ಎಕ್ಸ್‌ರೇಯನ್ನು ಎರಡು ಪಕ್ಕದಿಂದಲೂ ಮೇಲಿನಿಂದಲೂ, ಹೀಗೆ ಮೂರು ಸಲ ತೆಗೆದರು. ಈ ರೋಗ ಮೊದಲು ಹರಡುವುದು ಶ್ವಾಸಕೋಶಕ್ಕಂತೆ. ಭೀಮನ ಎದೆಯಲ್ಲಿ ಏನೂ ಕಾಣಲಿಲ್ಲ. ನಾನು ಕೈಮುಗಿದುಬಿಟ್ಟೆ. ಡಾಕ್ಟರಮ್ಮ ಮಾತ್ರ ನಗಲಿಲ್ಲ.

"ಕಾಣದಷ್ಟು ಸಣ್ಣ ಬೀಜಗಳು ಹೋಗಿಯೇ ಇರುತ್ತವೆ ಅಮ್ಮಾ. ನೂರರಲ್ಲಿ ತೊಂಬತ್ತು ನಾಯಿಗಳಲ್ಲಿ ಹಾಗೇ. ಕಾಲು ತೆಗೆದರೆ ನೋವು ಹೋಗುತ್ತೆ, ರೋಗ ಹೋಗುತ್ತೆ ಅಂತ ನಾನು ಹೇಳಲ್ಲ."

ಈ ಮಾತನ್ನು ಅವರು ಮೊದಲೇ ಹೇಳಿದ್ದಕ್ಕೆ ನಾನು ಇಂದಿಗೂ ಋಣಿ. ಕಾಲು ತೆಗೆಸಿ ಸುಮ್ಮನಿದ್ದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು. ಜೊತೆಗೆ ಮೂರು ವಾರಕ್ಕೊಮ್ಮೆಯಂತೆ ಕೀಮೋ ಔಷಧಿ ನಾಲ್ಕರಿಂದ ಆರು ಸಲ ಕೊಡಿಸಿದರೆ ಹತ್ತು ತಿಂಗಳು, ಒಂದು ವರ್ಷ. ಎರಡು ವರ್ಷ ದಾಟುವುದು ಐದರಲ್ಲಿ ಒಂದು ನಾಯಿಯೂ ಇಲ್ಲ. ಏನೂ ಮಾಡದೆ ನೋವಿನ ಔಷಧಿಯಲ್ಲೇ ಇಟ್ಟುಕೊಂಡರೆ ಕೆಲವು ವಾರ. ಅಷ್ಟರಲ್ಲಿ ಪೊಳ್ಳಾದ ಮೂಳೆ ಒಂದು ದಿನ ಸುಮ್ಮನೆ ಮೆಟ್ಟಿಲಿಳಿಯುವಾಗಲೇ ಮುರಿಯಬಹುದು, ಮುರಿದರೆ ಕೂಡುವುದಿಲ್ಲ. ರೋಗ ಹಿಡಿದ ಮೂಳೆಯನ್ನಷ್ಟೇ ತೆಗೆದು ಕಾಲು ಉಳಿಸುವ ವಿಧಾನವೂ ಇದೆಯಂತೆ, ಅದರಲ್ಲಿ ಕೀವಾಗುವ ಕಾಟ ಹೆಚ್ಚು. ಇನ್ನು ಕೊನೆಯದು, ನಿದ್ದೆಯ ಸೂಜಿ. "ಅದನ್ನು ಆರಿಸಿಕೊಂಡರೂ ತಪ್ಪಲ್ಲ" ಎಂದರು.

ಹಬ್ಬದ ಹಿಂದಿನ ಆ ವಾರ ಮನೆಯಲ್ಲಿ ಕಡುಬಿಗೆ ಹೂರಣ ಮಾಡಿದವಳೂ ನಾನೇ, ಇವರ ಜೊತೆ ಜಗಳವಾಡಿದವಳೂ ನಾನೇ. ಬೆಂಗಳೂರಿನಲ್ಲಿರುವ ಮಗ, "ಏನೇ ಆಗಲಿ, ಮಾಡಿಸಿಬಿಡಮ್ಮಾ" ಎಂದು ಫೋನಿನಲ್ಲಿ ಸುಲಭವಾಗಿ ಹೇಳಿಬಿಟ್ಟ. ಇವರದು ಒಂದೇ ಹಟ.

"ನಾಲ್ಕು ತಿಂಗಳಿಗೋಸ್ಕರ ಕಾಲು ಕತ್ತರಿಸಬೇಕೇನೇ? ಅದಕ್ಕಿಂತ ಸೂಜಿ ಹಾಕಿಸಿ ಕಳಿಸಿಬಿಡೋಣ. ಕಾಲಿಲ್ಲದೆ ಮೂಲೇಲಿ ಬಿದ್ದಿರೋದನ್ನ ನಾನು ನೋಡಲಾರೆ."

"ರೀ, ನಾಲ್ಕು ತಿಂಗಳು ಅನ್ನೋದು ನಮಗೆ. ಅವನೇನು ಪಂಚಾಂಗ ನೋಡ್ತಾನಾ? ಈವತ್ತು ರಾತ್ರಿ ನಿದ್ದೆ ಬಂತಾ ಇಲ್ಲವಾ, ಅಷ್ಟೇ ಅವನಿಗೆ" ಎಂದೆ.

ಇವರು ಮಾತಾಡಲಿಲ್ಲ. ಇವರ ಮನಸ್ಸಿನಲ್ಲಿ ಯಾರು ಕೂತಿದ್ದಾರೆಂದು ನನಗೆ ಗೊತ್ತಿತ್ತು. ನಮ್ಮ ದೊಡ್ಡ ಭಾವನಿಗೆ ಸಕ್ಕರೆ ಕಾಯಿಲೆಯಿಂದ ಬೆರಳು ಕೊಳೆತು, 2011ರಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಜಗಲಿಯ ಮೇಲೆ ಕೂತು ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದ ಮನುಷ್ಯ ಆಮೇಲೆ ಹೊಸ್ತಿಲು ದಾಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಹಾಗೇ ಮೂರು ವರ್ಷವಿದ್ದು ಹೋದರು. ಇವರು ನಾಯಿಯ ಮಾತೆತ್ತಿದಾಗೆಲ್ಲ ನನಗೆ ಆ ಗೋಡೆಯೇ ಕಣ್ಣಮುಂದೆ ಬರುತ್ತಿತ್ತು. ಆದರೆ ಅಣ್ಣನ ಮಾತನ್ನು ತಮ್ಮನ ಮುಂದೆ ನಾನು ಎತ್ತುವುದು ಹೇಗೆ?

ಎತ್ತಿದವರು ಅತ್ತೆ. ಎಂಬತ್ತೆರಡು ವರ್ಷದವರು, ನಾಯಿಯನ್ನು ಅಡಿಗೆಮನೆಯ ಹೊಸ್ತಿಲಿಗೂ ಸೇರಿಸದವರು. ಹೂಬತ್ತಿ ಹೊಸೆಯುತ್ತಾ ಕೂತಿದ್ದವರು ತಲೆಯೆತ್ತದೆ ಹೇಳಿದರು:

"ನೋಡಪ್ಪಾ, ನಿಮ್ಮಣ್ಣ ಕಾಲು ಹೋಯ್ತು ಅಂತ ಅತ್ತ, ನಿಜ. ನಾನೂ ಅತ್ತೆ. ಆದ್ರೆ ಆಪರೇಷನ್ ಆದ ಮೂರನೇ ರಾತ್ರಿ ಅವನು ನಿದ್ದೆ ಮಾಡ್ದ. ಅದಕ್ಕೆ ಮುಂಚೆ ಎರಡು ತಿಂಗಳು ಅವನು ಕಣ್ಣು ಮುಚ್ಚಿದ್ದು ನಾ ಕಾಣೆ. ಪಕ್ಕದಲ್ಲಿ ಕೂತಿದ್ದೋಳು ನಾನು, ನೀನಲ್ಲ. ಅವನು ಗೋಡೆ ಕಡೆ ತಿರುಗಿದ್ದು ಜನ ನೋಡ್ತಾರೆ ಅಂತ. ಈ ನಾಯಿಗೆ ಯಾವ ಜನ?"

ಇವರು ಎದ್ದು ಜಗಲಿಗೆ ಹೋದರು. ಭೀಮ ಬಲಗಾಲನ್ನು ಮೇಲೆತ್ತಿಕೊಂಡೇ ಕುಪ್ಪಳಿಸುತ್ತಾ ಹಿಂದೆಯೇ ಹೋದ. ಆಗ ನನಗೆ ಡಾಕ್ಟರಮ್ಮನ ಇನ್ನೊಂದು ಮಾತು ನೆನಪಾಯಿತು. "ಅವನು ಈಗಾಗಲೇ ಮೂರು ಕಾಲಿನಲ್ಲೇ ನಡೀತಿದ್ದಾನೆ. ನಾಲ್ಕನೆಯದು ಅವನಿಗೀಗ ನೋವು ಕೊಡೋಕೆ ಮಾತ್ರ ಇರೋದು." ಅವರು ಸುಮ್ಮನೆ ಬಾಯಿಮಾತಿಗೆ ಹೇಳಿದ್ದಲ್ಲ. ಉಳಿದ ಮೂರು ಕಾಲುಗಳನ್ನೂ ಸೊಂಟವನ್ನೂ ಒತ್ತಿ ಬಗ್ಗಿಸಿ ನೋಡಿ, ಅಂಗಳದಲ್ಲಿ ಎರಡು ಸುತ್ತು ನಡೆಸಿಯೇ ಹೇಳಿದ್ದರು. ನಾಯಿ ತನ್ನ ಭಾರದಲ್ಲಿ ನೂರಕ್ಕೆ ಅರವತ್ತು ಪಾಲನ್ನು ಮುಂಗಾಲುಗಳ ಮೇಲೆಯೇ ಹೊರುತ್ತದೆ. ಅದರಲ್ಲೊಂದು ಹೋದರೆ ಉಳಿದವು ಗಟ್ಟಿಯಿರಬೇಕು, ಮೈ ಹಗುರವಿರಬೇಕು. ಸೊಂಟ ಹಿಡಿದ ಮುದಿ ನಾಯಿಯಾಗಿದ್ದರೆ, ಎದೆಯಲ್ಲಿ ಆಗಲೇ ಗಂಟು ಕಂಡಿದ್ದರೆ, ನಾನೂ ಇವರ ಕಡೆಗೇ ಸೇರುತ್ತಿದ್ದೆ. ಈ ಮಾತನ್ನು ಕೇಳಿದವರಿಗೆಲ್ಲ ಹೇಳುತ್ತೇನೆ.

ಮಾರನೆಯ ಬೆಳಿಗ್ಗೆ ಕಾರಿನವನಿಗೆ ಫೋನ್ ಮಾಡಿದವರು ಇವರೇ. "ಸರಿ" ಎಂದೂ ಅನ್ನಲಿಲ್ಲ, "ಬೇಡ" ಎಂದೂ ಅನ್ನಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಖರ್ಚಿನ ವಿಷಯ ಎಲ್ಲರೂ ಕೇಳುತ್ತಾರೆ. ನಾನು ಮೂರು ವರ್ಷದಿಂದ ಕಟ್ಟುತ್ತಿದ್ದ ಚೀಟಿ ಎತ್ತಿದೆ, ಅದರೊಳಗೆ ಮುಗಿಯಿತು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ, ಅವಕ್ಕೆ ಸೇರಿದ ಆಸ್ಪತ್ರೆಗಳೂ ಇವೆ. ನಿಮ್ಮೂರಿನ ದನದ ಡಾಕ್ಟರನ್ನು ಮೊದಲು ಕೇಳಿ, ಅವರೇ ದಾರಿ ಹೇಳುತ್ತಾರೆ.

ಕಾಲನ್ನು ಮಣಿಕಟ್ಟಿನ ಮೇಲಷ್ಟೇ ಕತ್ತರಿಸುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲ, ಹೆಗಲಿನ ಮೂಳೆಯ ಸಮೇತ ಪೂರ್ತಿ ತೆಗೆಯುತ್ತಾರೆ. ಮೋಟು ಉಳಿದರೆ ನಾಯಿ ಅದನ್ನೇ ಊರಲು ಹೋಗಿ ಗಾಯ ಮಾಡಿಕೊಳ್ಳುತ್ತದಂತೆ. ಕರೆತರಲು ಹೋದಾಗ ಬೋಳಿಸಿದ ಮೈ, ಒಂದು ಗೇಣಿಗಿಂತ ಉದ್ದದ ಹೊಲಿಗೆ. ಇವರು ಮುಖ ಆ ಕಡೆ ತಿರುಗಿಸಿಕೊಂಡರು. ಭೀಮ ಎದ್ದು ನಿಂತು, ಸ್ವಲ್ಪ ಓಲಾಡಿ, ಬಾಲ ಬೀಸಿದ. ಬಾಲ ಬೀಸಿದ ರಭಸಕ್ಕೆ ಪಕ್ಕಕ್ಕೆ ಬಿದ್ದ. ಮತ್ತೆ ಎದ್ದ.

ಮೊದಲ ಹದಿನೈದು ದಿನ ಸುಲಭವಿರಲಿಲ್ಲ. ಎದೆಯ ಕೆಳಗೆ ಟವೆಲು ಹಾಕಿ ಎತ್ತಿ ಹಿಡಿದು ಹಿತ್ತಿಲಿಗೆ ಕರೆದೊಯ್ಯುತ್ತಿದ್ದೆವು. ನಮ್ಮದು ರೆಡ್ ಆಕ್ಸೈಡ್ ನೆಲ, ಕನ್ನಡಿಯ ಹಾಗೆ ಜಾರುತ್ತದೆ. ಅತ್ತೆಯ ಕೋಣೆಯಿಂದ ಹಿತ್ತಿಲ ಬಾಗಿಲವರೆಗೆ ಗೋಣಿಚೀಲ ಹಾಸಿದೆವು. ತಟ್ಟೆಯನ್ನು ನೆಲದ ಮೇಲಿಡದೆ ಎರಡು ಇಟ್ಟಿಗೆಯ ಮೇಲಿಟ್ಟರೆ ಬಗ್ಗುವ ಕಷ್ಟವಿಲ್ಲ. ಮೈ ಹಗುರವಿರಲೆಂದು ಎರಡು ಮುದ್ದೆ ಒಂದಾಯಿತು. ಬದಲಿಗೆ ಮೊಟ್ಟೆ ಕೊಡಿ ಎಂದಿದ್ದರು. ಮೊಟ್ಟೆ ನಮ್ಮ ಮನೆಯಲ್ಲಿ! ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಒಡೆದ ಪಾತ್ರೆಯೊಂದರಲ್ಲಿ ಬೇಯಿಸುತ್ತಿದ್ದೆ. ಅತ್ತೆ ಆ ಹೊತ್ತಿಗೆ ಸರಿಯಾಗಿ ದೇವರ ಮನೆಗೆ ಹೋಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೆಂದಿತೇ ಎಂದು ಆಮೇಲೆ ಕೇಳುವವರೂ ಅವರೇ.

ರಾತ್ರಿ ಉಗುರಿನ ಟಕಟಕ ನಿಂತುಹೋಯಿತು. ಹೊಲಿಗೆ ಬಿಚ್ಚುವ ಮೊದಲೇ ನಿಂತಿತ್ತು.

ಕೀಮೋ ಕೊಡಿಸಲಿಲ್ಲ. ನಮ್ಮ ಹಾಗೆ ನಾಯಿಗೆ ಕೂದಲೆಲ್ಲ ಉದುರುವುದಿಲ್ಲ, ಹೆಚ್ಚಿನವು ಚೆನ್ನಾಗಿಯೇ ತಡೆದುಕೊಳ್ಳುತ್ತವೆ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಮೂರು ವಾರಕ್ಕೊಮ್ಮೆ ಬೆಂಗಳೂರು, ಕಾರಿನಲ್ಲಿ ಕೂತರೆ ಗುಬ್ಬಿ ದಾಟುವ ಮೊದಲೇ ವಾಂತಿ ಮಾಡುವ ನಾಯಿ, ಚೀಟಿಯಲ್ಲಿ ಉಳಿದ ಅಷ್ಟಿಷ್ಟು ಹಣ. ಬೆಂಗಳೂರಿನಲ್ಲೇ ಇದ್ದಿದ್ದರೆ ಬಹುಶಃ ಕೊಡಿಸುತ್ತಿದ್ದೆ. ಕೊಡಿಸುವವರನ್ನು ಹುಚ್ಚರೆಂದು ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ.

ದೀಪಾವಳಿಗೆ ಭೀಮ ಮೂರು ಕಾಲಿನಲ್ಲಿ ಓಡಿಹೋಗಿ ಮಂಚದ ಕೆಳಗೆ ಸೇರಿದ, ಹಿಂದಿನ ವರ್ಷಕ್ಕಿಂತ ನಿಧಾನವೇನೂ ಇರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹುಡುಗಿಯರು ಹಳೆಯ ಅಭ್ಯಾಸದಂತೆ "ಶೇಕ್‌ಹ್ಯಾಂಡ್" ಎಂದು ಕೈ ಚಾಚಿದರು. ಇಲ್ಲದ ಬಲಗಾಲಿನ ಜಾಗದಲ್ಲಿ ಮೈ ಒಮ್ಮೆ ಅದುರಿತು. ಆಮೇಲೆ ಕತ್ತು ಮುಂದೆ ಚಾಚಿ ಅವರ ಕೈ ನೆಕ್ಕಿದ. ಅದನ್ನು ನೋಡಿ ನಾನು ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ. ಅಯ್ಯೋ ಪಾಪ ಎನ್ನಲು ಬಂದವರಿಗೆ ಅತ್ತೆಯ ಉತ್ತರ ಸಿದ್ಧವಿರುತ್ತಿತ್ತು: "ತ್ರೇತಾಯುಗದಲ್ಲಿ ಧರ್ಮದೇವತೆಯೇ ಮೂರು ಕಾಲಲ್ಲಿ ನಿಂತಿದ್ದ. ಈ ಕಲಿಯುಗದಲ್ಲಿ ಅವನಿಗೆ ಉಳಿದಿರೋದು ಒಂದೇ. ನಮ್ಮ ಭೀಮನೇ ವಾಸಿ ಕಣ್ರವ್ವಾ."

ಇವರು ದಿನಾ ಬೆಳಿಗ್ಗೆ ಅವನನ್ನು ಕೆರೆ ಏರಿಯವರೆಗೆ ಕರೆದೊಯ್ಯುತ್ತಿದ್ದರು. ಹೊಲಿಗೆಯ ಪಕ್ಕದಲ್ಲಿ ಮಾತ್ರ ನಡೆಯುತ್ತಿರಲಿಲ್ಲ, ಯಾವಾಗಲೂ ಎಡಗಡೆಗೇ. ಮಾಡಿಸಿದ್ದು ಸರಿಯಾಯಿತೇ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

2024ರ ಯುಗಾದಿ ಕಳೆದು ತಿಂಗಳಾದ ಮೇಲೆ ಒಣಕೆಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಎದೆಯ ತುಂಬ ಬಿಳಿ ಉಂಡೆಗಳು. ಈ ಸಲ ಮನೆಯಲ್ಲಿ ಯಾರೂ ವಾದ ಮಾಡಲಿಲ್ಲ. ಎರಡು ವಾರ ನೋಡಿದೆವು. ಅವನು ಮೊಟ್ಟೆ ಬೇಡವೆಂದ ದಿನ ಊರಿನ ಪಶು ಆಸ್ಪತ್ರೆಯ ಡಾಕ್ಟರು ಮನೆಗೇ ಬಂದು, ಹಿತ್ತಿಲಿನ ತೆಂಗಿನ ಮರದ ನೆರಳಲ್ಲಿ ಸೂಜಿ ಹಾಕಿದರು. ತಲೆ ಇವರ ತೊಡೆಯ ಮೇಲಿತ್ತು. ಎಂಟು ತಿಂಗಳು ಸಿಕ್ಕಿತ್ತು. ಗಾಯದ ಹದಿನೈದು ದಿನ, ಕೆಮ್ಮಿನ ಹದಿನೈದು ದಿನ ಕಳೆದರೂ ಏಳು ತಿಂಗಳು ಅವನು ರಾತ್ರಿ ಮಲಗಿದ್ದಾನೆ.

ಗೋಣಿಚೀಲಗಳನ್ನು ತೆಗೆದು ಒಗೆಯಲು ಹಾಕಿದೆ. ಒಣಗಿದ ಮೇಲೆ ಅತ್ತೆ ಮತ್ತೆ ತರಿಸಿ ತಮ್ಮ ಕೋಣೆಯಿಂದ ಹಿತ್ತಿಲ ಬಾಗಿಲವರೆಗೆ ಹಾಸಿಸಿಕೊಂಡರು. ನೆಲ ಜಾರುತ್ತದಂತೆ.