ಎರಡನೆಯ ಪ್ರತಿ

ಆಡಿದ ಮಾತು ಹಾರಿಹೋಗುವುದು, ಬರೆದಿಟ್ಟುದು ಉಳಿಯುವುದು ಎಂಬ ನಂಬಿಕೆ ನಮ್ಮಲ್ಲಿ ಬಹು ಹಳೆಯದು. ಕೊಪ್ಪಳದ ಸುತ್ತಣ ನಾಡಿನವರಲ್ಲಿ ಈ ನಂಬಿಕೆ ಮತ್ತಷ್ಟು ಬಲವಾಗಿದ್ದರೆ ಆಶ್ಚರ್ಯವಿಲ್ಲ. ಎತ್ತ ತಿರುಗಿದರೂ ಬಂಡೆ, ಅಲ್ಲಲ್ಲಿ ಬಂಡೆಯ ಮೇಲೆ ಬರಹ. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನೆಲೆಗಳನ್ನು ಎಣಿಸುವಾಗ ಹೆಸರಿಸಿದ ಕೊಪಣ ನಗರವು ಇದೇ. ಆದರೆ ಬರೆದುದು ನಿಜವಾಗಿ ಯಾವುದರಿಂದ ಉಳಿಯುವುದೆಂಬ ಪ್ರಶ್ನೆ ನನ್ನನ್ನು ಕಾಡಿದುದು ಶಿಲಾಶಾಸನದ ಮುಂದಲ್ಲ. ಅಂಗೈಯಗಲದ ಒಂದು ಲೋಹದ ಪೆಟ್ಟಿಗೆಯ ಮುಂದೆ.

ನಾವು ಕೆಲವರು ಸ್ನೇಹಿತರು ಹಲವು ವರ್ಷಗಳಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಹಳೆಯ ಮನೆತನಗಳಲ್ಲಿರುವ ಓಲೆಗರಿ, ಕಡತ, ದಫ್ತರಗಳ ಛಾಯಾಚಿತ್ರಗಳನ್ನು ತೆಗೆದು ಒಂದೆಡೆ ಕೂಡಿಸುತ್ತಿರುವೆವು. ಕಡತವನ್ನು ಕಂಡರಿಯದ ಕಿರಿಯ ವಾಚಕರಿಗಾಗಿ ಒಂದು ಮಾತು: ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದು. ಈ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುವುದು.

ಈ ಚಿತ್ರಗಳನ್ನೆಲ್ಲ ಕಾಪಾಡಿ, ಕೇಳಿದವರಿಗೆ ಕೇಳಿದ ಪುಟವನ್ನು ಒದಗಿಸುವ ಗಣಕಯಂತ್ರಕ್ಕೆ ಸರ್ವರು ಎಂದು ಹೆಸರು. ಸರ್ವರಿಗೂ ಸೇವೆ ಸಲ್ಲಿಸುವ ಆಳಿಗೆ ಈ ಹೆಸರು ನಮ್ಮ ಭಾಷೆಯಲ್ಲಿಯೂ ಒಪ್ಪುವುದಷ್ಟೆ. ಆಳಿನ ನೆನಪೆಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ. 1956ರಲ್ಲಿ ಐಬಿಎಂ ಕಂಪನಿಯವರು ಹೊರತಂದ ಇಂತಹ ಮೊದಲನೆಯ ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದುವು. ನಮ್ಮ ಒಂದು ಕಡತದ ಚಿತ್ರ ಕೂಡ ಅದರಲ್ಲಿ ಹಿಡಿಸದು. ಇಂದಿನ ಡಿಸ್ಕು ಒಂದು ಇಟ್ಟಿಗೆಗಿಂತಲೂ ಚಿಕ್ಕದು. ಒಳಗೆ ಕನ್ನಡಿಯಂತಹ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುವುವು. ಓದುವ ಮುಳ್ಳು ಅವುಗಳನ್ನು ಮುಟ್ಟದೆ, ಕೂದಲ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಎತ್ತರದಲ್ಲಿ ತೇಲುತ್ತಿರುವುದು. ಇಷ್ಟು ನಾಜೂಕಾದ ವಸ್ತು ಎಂದೋ ಒಂದು ದಿನ ಕೆಡುವುದರಲ್ಲಿ ವಿಚಿತ್ರವಿಲ್ಲ. ಆದುದರಿಂದಲೇ ನಮ್ಮ ಸರ್ವರಿನಲ್ಲಿ ಒಂದರಂತೆಯೇ ಇರುವ ಎರಡು ಡಿಸ್ಕುಗಳನ್ನು ಜೋಡಿಸಿ, ಒಂದರಲ್ಲಿ ಬರೆದುದೆಲ್ಲ ಅದೇ ಗಳಿಗೆಯಲ್ಲಿ ಇನ್ನೊಂದರಲ್ಲಿಯೂ ಬರೆಯಲ್ಪಡುವಂತೆ ಏರ್ಪಡಿಸಿದ್ದೆವು. ಈ ಬಗೆಯ ಜೋಡಣೆಗಳನ್ನೆಲ್ಲ ವಿಂಗಡಿಸಿ ರೇಡ್ ಎಂಬ ಹೆಸರಿನಿಂದ ಪ್ರಸಿದ್ಧಿಗೆ ತಂದವರು ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು, 1988ರಲ್ಲಿ.

ಒಂದು ಏಪ್ರಿಲ್ ತಿಂಗಳಿನಲ್ಲಿ ಸರ್ವರು ಉತ್ತರ ಕೊಡಲು ತಡವರಿಸತೊಡಗಿತು. ಕ್ಷಣದಲ್ಲಿ ಬರುತ್ತಿದ್ದ ಪುಟ ಅರ್ಧ ನಿಮಿಷಕ್ಕೆ ಬಂದಿತು. ನಡುನಡುವೆ ಒಳಗಿನಿಂದ, ಮುದುಕರು ಉಗುರಿನಿಂದ ಅಡಕೊತ್ತನ್ನು ತಟ್ಟಿದಂತೆ, ಟಕ್ ಟಕ್ ಎಂಬ ಸದ್ದು. ನಮ್ಮೂರಿನಲ್ಲಿ ಕಾಯಿಲೆಗಿಂತ ಮೊದಲು ವೈದ್ಯರು ಕೂಡುವರು. ಒಬ್ಬರು ಬಿಸಿಲಿನ ದೋಷವೆಂದರು, ಒಬ್ಬರು ಧೂಳಿನದೆಂದರು, ಮತ್ತೊಬ್ಬರು ಹೋಗಿ ಬರುವ ಕರೆಂಟಿನದೆಂದರು. ಗಂಗಾವತಿಯಿಂದ ಬಂದು ನಮ್ಮ ಯಂತ್ರವನ್ನು ನೋಡಿಕೊಳ್ಳುವ ತರುಣನು ಮಾತ್ರ ಯಾವುದನ್ನೂ ಹೇಳದೆ, "ಮೊದ್ಲ ಅದನ್ನ ಕೇಳೂಣ್ರಿ ಸರ, ಆಮ್ಯಾಲ ನಾವು ಹೇಳೂಣ," ಎಂದನು. ನನಗೆ ಆ ಮಾತು ಬಹಳ ಹಿಡಿಸಿತು.

ಕೇಳುವ ಉಪಾಯವುಂಟು. ಪ್ರತಿಯೊಂದು ಡಿಸ್ಕೂ ತನ್ನ ದೇಹಸ್ಥಿತಿಯ ದಿನಚರಿಯನ್ನು ತಾನೇ ಬರೆದುಕೊಳ್ಳುವುದು; ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಅದರಲ್ಲಿ ಮೂರು ಸಾಲುಗಳನ್ನು ಮುಖ್ಯವಾಗಿ ನೋಡಬೇಕು. ಕೆಟ್ಟ ತಾಣವನ್ನು ಕೈಬಿಟ್ಟು ಅದರ ಬದಲಿಗೆ ಮೀಸಲು ತಾಣವನ್ನು ಎಷ್ಟು ಸಲ ಹಿಡಿಯಿತೆಂಬುದು ಒಂದು. ಓದಲಾಗದೆ, ಬಿಡಲೂ ಆಗದೆ, ತೀರ್ಮಾನಕ್ಕೆ ಕಾದಿರುವ ತಾಣಗಳೆಷ್ಟೆಂಬುದು ಎರಡನೆಯದು. ಕೇಬಲ್ಲಿನ ದಾರಿಯಲ್ಲಿ ಮಾತು ಎಷ್ಟು ಸಲ ತೊದಲಿತೆಂಬುದು ಮೂರನೆಯದು. ಮೂರನೆಯದು ಏರಿದರೆ ಡಿಸ್ಕು ನಿರಪರಾಧಿ. ಕೇಬಲ್ಲನ್ನು ಬದಲಿಸಿದರೆ ಸಾಕು. ನಮ್ಮಲ್ಲಿ ಆ ಎಣಿಕೆ ಸೊನ್ನೆಯಲ್ಲಿಯೇ ನಿಂತಿತ್ತು. ಕಾದಿರುವ ತಾಣಗಳಾದರೋ ಮೊದಲ ದಿನ 8, ಮರುದಿನ 24, ಮೂರನೆಯ ದಿನ 56 ಆದುವು. ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡೆಂದು ಡಿಸ್ಕಿಗೆ ಆಜ್ಞೆ ಕೊಟ್ಟರೆ, ಅದು ಅರ್ಧ ದಾರಿಯನ್ನೂ ಮುಟ್ಟದೆ ಓದಲಾರೆನೆಂದು ನಿಂತುಬಿಟ್ಟಿತು. ರೋಗನಿರ್ಣಯಕ್ಕೆ ಇಷ್ಟು ಸಾಕಾಯಿತು.

ಇನ್ನು ಬಿಸಿಲಿನ ಮಾತು. 2007ರಲ್ಲಿ ಗೂಗಲ್ ಸಂಸ್ಥೆಯ ಪಿನ್ಹೆರೊ, ವೆಬರ್, ಬರೊಸೊ ಎಂಬವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಜೀವನ್ಮರಣಗಳನ್ನು ಪರಿಶೀಲಿಸಿ ಬರೆದ ಲೇಖನದಲ್ಲಿ, ಜನರು ಊಹಿಸುವಷ್ಟು ಸಂಬಂಧ ಸೆಕೆಗೂ ಡಿಸ್ಕಿನ ಸಾವಿಗೂ ಕಂಡುಬರಲಿಲ್ಲವೆಂದು ಹೇಳಿರುವರು. ಕೊಪ್ಪಳದ ಬಿಸಿಲಿಗೆ ಇದರಿಂದ ಒಂದು ಅಪವಾದ ಕಡಿಮೆಯಾಯಿತು. ಆದರೆ ಅದೇ ಲೇಖನದ ಬೇರೆ ಎರಡು ಮಾತುಗಳು ನಮ್ಮ ಎದೆಯನ್ನು ನಡುಗಿಸಿದುವು. ತಟ್ಟೆಯ ಶೋಧನೆಯಲ್ಲಿ ಮೊದಲ ದೋಷ ಕಂಡ ಡಿಸ್ಕು, ದೋಷವಿಲ್ಲದ ಡಿಸ್ಕಿಗಿಂತ, 60 ದಿನಗಳೊಳಗೆ ಸಾಯುವ ಸಂಭವ 39 ಪಾಲು ಹೆಚ್ಚು, ಇದು ಒಂದು. ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರದೆಯೇ ಸತ್ತವು, ಇದು ಇನ್ನೊಂದು. ಅಂದರೆ ನರಳುವ ಡಿಸ್ಕನ್ನು ನಂಬುವಂತಿಲ್ಲ. ನರಳದೆ ಪಕ್ಕದಲ್ಲಿ ಸುಮ್ಮನಿರುವುದನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ನಮ್ಮ ಎರಡು ಡಿಸ್ಕುಗಳೂ ಒಂದೇ ದಿನ ಕೊಂಡವು, ಒಂದೇ ವಯಸ್ಸಿನವು.

ತಿಂಗಳಿಗೊಮ್ಮೆ ಎಲ್ಲ ಚಿತ್ರಗಳ ಪ್ರತಿಯೊಂದನ್ನು ತೆಗೆದು ಕುಷ್ಟಗಿಯ ಸ್ನೇಹಿತರೊಬ್ಬರ ಮನೆಯ ಕಪಾಟಿಗೆ ಕಳುಹಿಸುವುದು ನಮ್ಮ ವಾಡಿಕೆ. ಆ ತಿಂಗಳಿನ ಪ್ರತಿ ಹೋದಮೇಲೆ ಬಂದುದು ಯಲಬುರ್ಗಾ ಕಡೆಯ ಒಂದು ಮನೆಯ ಕಡತಗಳ ಚಿತ್ರ. ಚಿತ್ರ ತೆಗೆದ ಹತ್ತು ದಿನಗಳಿಗೆ ಅಕಾಲದ ಮಳೆ ಸುರಿದು, ಆ ಮನೆಯ ಹಿಂಗೋಡೆ ಕುಸಿದು, ಮಾಡಿನಲ್ಲಿದ್ದ ಕಡತಗಳು ಕರಿಯ ಗಂಜಿಯಾಗಿ ಹೋದುವು. ಮನೆಯ ಹಿರಿಯಾಕೆ ಫೋನಿನಲ್ಲಿ, "ನಮ್ಮ ಮಾವನ ಕೈಬರಹ ನಿಮ್ಮ ಡಬ್ಬ್ಯಾಗ ಐತಲ್ಲೋ ತಮ್ಮಾ?" ಎಂದು ಕೇಳಿದ್ದರು. "ಐತವ್ವಾ" ಎಂದಿದ್ದೆನು. ಆ ಉತ್ತರವು ಈಗ ನಿಂತಿದ್ದುದು ಒಂದು ನರಳುವ ಡಿಸ್ಕಿನ ಮೇಲೂ ಒಂದು ಮೂಕ ಡಿಸ್ಕಿನ ಮೇಲೂ.

ಆದುದರಿಂದ ಯಂತ್ರವನ್ನು ಬಿಚ್ಚುವುದಕ್ಕೆ ಮೊದಲು ಹೊಸ ಚಿತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಇಳಿಸಿಕೊಂಡೆವು. ಚಿಕಿತ್ಸೆಯಲ್ಲಿ ಇದೇ ಮೊದಲ ಹೆಜ್ಜೆ, ಉಳಿದುದೆಲ್ಲ ಎರಡನೆಯದು. ಪ್ರತಿಯೊಂದು ಚಿತ್ರಕ್ಕೂ ಬೆರಳಚ್ಚಿನಂತಹ ಒಂದು ಸಂಖ್ಯೆಯನ್ನು ತೆಗೆದು ಪಟ್ಟಿಮಾಡಿಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇರುವುದು. ಅದಕ್ಕೆ ಹಿಡಿದು ನೋಡಲು, ಇಳಿಸಿಕೊಂಡ ಪುಟಗಳೆಲ್ಲ ಸರಿಯಾಗಿದ್ದುವು.

ಹೊಸ ಡಿಸ್ಕು ಹುಬ್ಬಳ್ಳಿಯಿಂದ ರೈಲಿನಲ್ಲಿ ಮರುದಿನ ಬಂದಿತು. ಬದಲಿಸುವ ಕೆಲಸದಲ್ಲಿ ಬಲಕ್ಕಿಂತ ಎಚ್ಚರ ಹೆಚ್ಚು ಬೇಕು. ನೋಟಕ್ಕೆ ಎರಡು ಡಿಸ್ಕುಗಳೂ ಅವಳಿಗಳು. ಕೆಟ್ಟುದನ್ನು ಬಿಟ್ಟು ಒಳ್ಳೆಯದನ್ನು ಹೊರಗೆಳೆದರೆ ಚಿಕಿತ್ಸೆಯೇ ಕೊಲೆಯಾಗುವುದು. ಪ್ರತಿ ಡಿಸ್ಕಿನ ಮೈಮೇಲೆ ಅದರದೇ ಆದ ಕ್ರಮಸಂಖ್ಯೆ ಅಚ್ಚಾಗಿರುವುದು. ಕೆಟ್ಟ ಡಿಸ್ಕಿನ ಸಂಖ್ಯೆಯನ್ನು ಯಂತ್ರದಿಂದ ಕೇಳಿ ಕಾಗದದ ಮೇಲೆ ಬರೆದುಕೊಂಡೆವು. ಅದನ್ನು ಜೋಡಿಯಿಂದ ಬಿಡಿಸಿರುವುದಾಗಿ ಯಂತ್ರಕ್ಕೆ ತಿಳಿಸಿ, ಕರೆಂಟು ಆರಿಸಿ, ಪೆಟ್ಟಿಗೆಯನ್ನು ತೆರೆದೆವು. ತರುಣನು ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಅಂಕಿಯನ್ನು ಓದಿದನು. ನಾನು ಕಾಗದದ ಮೇಲೆ ಒಂದೊಂದಕ್ಕೂ ಗೆರೆ ಹಾಕಿದೆನು. ಎರಡು ಸಲ ಹೊಂದಿದಮೇಲೆಯೇ ತಿರುಪು ಬಿಚ್ಚಿದುದು.

ಹೊಸದನ್ನು ಕೂಡಿಸಿ, ಹಳೆಯದರಂತೆಯೇ ಭಾಗಗಳನ್ನು ಮಾಡಿ, ಜೋಡಿಗೆ ಸೇರಿಸಿದ ಕೂಡಲೆ ಉಳಿದ ಡಿಸ್ಕು ತನ್ನಲ್ಲಿರುವುದನ್ನೆಲ್ಲ ಅದಕ್ಕೆ ಹೇಳಿಕೊಡಲು ಪ್ರಾರಂಭಿಸಿತು. ಡಿಸ್ಕು ನಾಲ್ಕು ಟೆರಾಬೈಟಿನದು. ಸುಮಾರು ಒಂಬತ್ತು ಗಂಟೆಯ ಪಾಠ. ಅಪಾಯವೂ ಇಲ್ಲಿಯೇ. ತನ್ನ ಆಯುಷ್ಯದಲ್ಲಿ ಎಂದೂ ಮಾಡದ ದುಡಿಮೆಯನ್ನು ಆ ವಯಸ್ಸಾದ ಡಿಸ್ಕು ಒಂಟಿಯಾಗಿ ಮಾಡಬೇಕಾದುದು ಆ ರಾತ್ರಿಯೇ. ತೆರೆಯ ಮೇಲೆ ಒಂದು ಯು ಅಕ್ಷರ, ಅದರ ಪಕ್ಕದಲ್ಲಿ ಬರಿಯ ಅಡಿಗೆರೆ. ಜೋಡಿಯಲ್ಲಿ ಒಂದು ಮನೆ ಖಾಲಿಯೆಂದು ಅರ್ಥ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅಡಿಗೆರೆ ಹೋಗಿ ಎರಡು ಯುಗಳು ನಿಂತುವು. ಎರಡನೆಯ ಡಿಸ್ಕೊಂದೇ ಉಳಿದರೂ ಯಂತ್ರ ಏಳಬಲ್ಲಂತೆ, ಏಳುವಾಗ ಓದುವ ಮೊದಲ ಪಾಠವನ್ನೂ ಅದರಲ್ಲಿ ಬರೆದು, ಚಿತ್ರಗಳ ಬೆರಳಚ್ಚುಗಳನ್ನು ಮತ್ತೊಮ್ಮೆ ತಾಳೆ ನೋಡಿ, ಚಹಾ ಕುಡಿಯಲು ಹೋದೆವು.

ಈ ಕೆಲಸವಾದ ಮೇಲೆ ಪಾಲ್ಕಿಗುಂಡು ನನಗೆ ಬೇರೆಯಾಗಿ ಕಾಣತೊಡಗಿದೆ. ಕೊಪ್ಪಳದಲ್ಲಿ ಅಶೋಕನ ಕಿರುಶಾಸನಗಳು ಎರಡು. ಗವಿಮಠದ ಬೆಟ್ಟದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು. 1931ರಲ್ಲಿ ಬೆಳಕಿಗೆ ಬಂದು, ಮರುವರ್ಷ ಟರ್ನರ್ ಪಂಡಿತರ ಸಂಪಾದನೆಯಲ್ಲಿ ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯಿಂದ ಅಚ್ಚಾದುವು. ಎರಡರ ಒಕ್ಕಣೆಯೂ ಒಂದೇ. ಪಾಲ್ಕಿಗುಂಡಿನ ಬರಹವನ್ನು ಗಾಳಿಮಳೆಗಳು ಬಹುಮಟ್ಟಿಗೆ ತಿಂದುಹಾಕಿರುವುವು. ಅಲ್ಲಿ ಉಳಿದ ತುಂಡಕ್ಷರಗಳು ಏನು ಹೇಳುತ್ತಿದ್ದುವೆಂದು ನಾವು ತಿಳಿಯುವುದು ಗವಿಮಠದ ಪ್ರತಿಯಿಂದ. ಒಂದೇ ಊರಿನ ಎರಡು ಬಂಡೆಗಳಲ್ಲಿ ಒಂದು ಮರೆಯಿತು, ಇನ್ನೊಂದು ನೆನಪಿಟ್ಟಿತು. ಕಲ್ಲೂ ಸವೆಯುವುದೆಂದು ಆ ದೊರೆಗೆ ತಿಳಿದಿರಬೇಕು. ಈ ಕಿರುಶಾಸನವನ್ನು ಬಂಡೆಗಳ ಮೇಲೂ, ಕಲ್ಲುಕಂಬಗಳಿದ್ದಲ್ಲಿ ಅವುಗಳ ಮೇಲೂ ಬರೆಯಿಸಿರೆಂಬ ಆಜ್ಞೆ ಸಹಸ್ರಾಮದ ಪಾಠದಲ್ಲಿರುವುದು. ನಮ್ಮ ಅತ್ತಿಮಬ್ಬೆಯೂ ಪೊನ್ನನ ಶಾಂತಿಪುರಾಣವನ್ನು ಒಳ್ಳೆಯ ಓಲೆಯ ಮೇಲೆ ಒಂದು ಸಲ ಬರೆಯಿಸಿ ತೃಪ್ತಳಾಗಲಿಲ್ಲ. ಸಾವಿರ ಪ್ರತಿ ಮಾಡಿಸಿ ಹಂಚಿದಳು. ಬರಹವನ್ನು ಉಳಿಸುವುದು ವಸ್ತುವಿನ ಗಟ್ಟಿತನವಲ್ಲ. ಒಂದು ಪ್ರತಿ ಇನ್ನೂ ಓದಲು ಬರುತ್ತಿರುವಾಗಲೇ ಮತ್ತೊಂದನ್ನು ಮಾಡಿಡುವ ಕೈ.

ಆದರೆ ಪ್ರತಿಗೂ ಪ್ರತಿಬಿಂಬಕ್ಕೂ ಭೇದವುಂಟು. ಜೋಡಿ ಡಿಸ್ಕುಗಳು ಪ್ರತಿಬಿಂಬ ಮಾತ್ರ. ಒಂದರಲ್ಲಿ ಒರೆಸಿದುದು, ಕಡತದ ಬಳಪದಂತೆ, ಅದೇ ಕ್ಷಣ ಇನ್ನೊಂದರಲ್ಲಿಯೂ ಒರೆಸಿಹೋಗುವುದು. ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಉರಿಯುವುವು. ಪ್ರತಿಯೆಂದರೆ ಬೇರೆ ಊರಿನಲ್ಲಿ, ಬೇರೆ ಕೈಯಲ್ಲಿ ಇರತಕ್ಕದ್ದು. ಆದುದರಿಂದ ಈಗ ಕುಷ್ಟಗಿಯಲ್ಲಿ ಒಂದು, ಗಂಗಾವತಿಯಲ್ಲಿ ಒಂದು, ಯಲಬುರ್ಗಾದಲ್ಲಿ ಒಂದು ಇಡುತ್ತಿರುವೆವು. ಹೊಸ ಚಿತ್ರ ಬಂದ ವಾರದಲ್ಲಿಯೇ ಅವು ಹೊರಡುವುವು. ಯಲಬುರ್ಗಾದ ಹಿರಿಯಾಕೆಗೆ ಅವರ ಮಾವನವರ ಕೈಬರಹವನ್ನು ದೊಡ್ಡ ಅಕ್ಷರಗಳಲ್ಲಿ ಕಾಗದದ ಮೇಲೆ ಅಚ್ಚುಮಾಡಿಸಿ ಕೊಟ್ಟೆವು. ಅವರು ಅದನ್ನು ತಿರುವಿ ನೋಡಿ, ಒಂದು ಪುಟವನ್ನು ಎದುರುಮನೆಯ ಮೊಮ್ಮಗಳಿಗೆ ಕೊಟ್ಟು, ಬರೆದುಕೊಂಡು ಬಾ ಎಂದು ಹೇಳಿದರು.