ಬೆಂಕಿ ಕಾವಲು: ಬಂಡೀಪುರ, ಬಿಳಿಗಿರಿ ಕಾಡುಗಳ ಬೇಸಿಗೆ ಕೆಲಸ

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಬೆಂಕಿ ಕಾವಲು ಬೇಸಿಗೆಯ ಕೆಲಸ. ಸಂಕ್ರಾಂತಿಯ ಆಸುಪಾಸಿನಲ್ಲಿ ಆಳುಗಳನ್ನು ಸೇರಿಸಿಕೊಳ್ಳುತ್ತಾರೆ. ಅಶ್ವಿನಿ, ಭರಣಿ ಮಳೆ ನೆಲ ನೆನೆಸಿದ ಮೇಲೆ ಕೆಲಸ ಮುಗಿಯುತ್ತದೆ. ಕಡತಗಳಲ್ಲಿ ಇವರು ಫೈರ್ ವಾಚರ್‌ಗಳು, ಊರವರ ಬಾಯಲ್ಲಿ ಬರೀ ವಾಚರ್. ಹೆಚ್ಚಿನವರು ಕಾಡಂಚಿನ ಹಳ್ಳಿಗಳಿಂದ, ಜೇನುಕುರುಬ ಮತ್ತು ಬೆಟ್ಟಕುರುಬರ ಹಾಡಿಗಳಿಂದ, ಸೋಲಿಗರ ಪೋಡುಗಳಿಂದ ಬಂದವರು.

ಇಲ್ಲಿನ ಕಾಡಿನ ಬಹುಪಾಲು ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆ. ಶಿವರಾತ್ರಿಯ ಹೊತ್ತಿಗೆ ತೇಗ, ಮತ್ತಿ, ದಿಂಡಿಗ ಮರಗಳ ಕೆಳಗೆ ತರಗು ಗರಿಗರಿಯಾಗಿ ಬಿದ್ದಿರುತ್ತದೆ. ಹುಲ್ಲು ಬುಡದವರೆಗೆ ಒಣಗಿರುತ್ತದೆ. ಬೆಂಕಿ ಹರಿಯುವುದು ಸಾಮಾನ್ಯವಾಗಿ ನೆಲದ ಮೇಲೆಯೇ. ತಾನಾಗಿ ಹೊತ್ತಿಕೊಳ್ಳುವುದು ಬಲು ಅಪರೂಪ. ದನಗಳಿಗೆ ಹೊಸ ಹುಲ್ಲು ಚಿಗುರಲೆಂದು, ಅರಣ್ಯ ಇಲಾಖೆಯ ಮೇಲಿನ ಸಿಟ್ಟಿನಿಂದ, ಇಲ್ಲವೇ ಆರಿಸದೆ ಎಸೆದ ಬೀಡಿಯಿಂದ, ಹೇಗೋ ಮನುಷ್ಯರ ಕೈಯೇ ಅದಕ್ಕೆ ಕಾರಣವಾಗಿರುತ್ತದೆ.

ಹಳೆಯ ತಲೆಮಾರಿನ ಸೋಲಿಗರಿಗೆ ಬೆಂಕಿ ಕಾಯುವ ಕೆಲಸ ಬೆಂಕಿ ಹಾಕುವುದರಿಂದಲೇ ಶುರುವಾಗುತ್ತಿತ್ತು. ಚಳಿ ಇನ್ನೂ ಇರುವಾಗ, ಬುಡದ ತೇವ ಪೂರ್ತಿ ಆರುವ ಮೊದಲೇ, ಅವರು ತರಗಿಗೆ ಬೆಂಕಿ ಕೊಡುತ್ತಿದ್ದರು. ಅದಕ್ಕೆ ಅವರು ಕೊಟ್ಟ ಹೆಸರು ತರಗು ಬೆಂಕಿ. ಉರಿ ಮೊಣಕಾಲಿನ ಮಟ್ಟ ಮೀರದೆ ತೆವಳಿ, ಇಬ್ಬನಿ ಬಿದ್ದ ಕಡೆ ತಾನೇ ನಿಲ್ಲುತ್ತಿತ್ತು. ಗೆಡ್ಡೆ ಅಗೆಯಲು, ನೆಲ್ಲಿ ಆರಿಸಲು ಕಾಡಿನೊಳಗೆ ದಾರಿ ತೆರೆಯುತ್ತಿತ್ತು. ಬೇಸಿಗೆ ಬಲಿತಾಗ ದೊಡ್ಡ ಬೆಂಕಿಗೆ ಮೇವು ಉಳಿಯುತ್ತಿರಲಿಲ್ಲ. ಈ ಬೆಂಕಿಯಿಂದಲೇ ನೆಲ್ಲಿ ಮರದ ಬಂದಳಿಕೆ ಹತೋಟಿಯಲ್ಲಿತ್ತು, ಲಾಂಟಾನದ ಸಸಿಗಳು ಸುಟ್ಟುಹೋಗುತ್ತಿದ್ದವು ಎಂಬುದು ಅವರ ಮಾತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವೆಂದಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು. ಬೆಂಕಿ ಎಂಬುದು ಕಂಡಲ್ಲಿ ಆರಿಸಬೇಕಾದ ವಸ್ತುವಾಯಿತು. ಬೆಂಕಿ ಹಾಕುವ ಹದ ಬಲ್ಲವರ ಮಕ್ಕಳೇ ಆರಿಸುವ ಕೂಲಿಗೆ ಬಂದರು. ಹದ ನೋಡಿ ಸುಡುವ ಕೆಲಸ ಬೆಂಕಿರೇಖೆಯ ಮಟ್ಟಿಗೆ ಮಾತ್ರ ಉಳಿಯಿತು.

ಬೆಂಕಿರೇಖೆ ಎಂದರೆ ಕಾಡನ್ನು ತುಂಡುತುಂಡಾಗಿ ಬೇರ್ಪಡಿಸುವ ಬೋಳು ಪಟ್ಟಿ. ಡಿಸೆಂಬರಿನಲ್ಲಿ ರಸ್ತೆ, ಗಡಿಗಳ ಉದ್ದಕ್ಕೂ ಹುಲ್ಲು ಪೊದೆಗಳನ್ನು ಮಚ್ಚು, ಕುಡುಗೋಲಿನಿಂದ ಸವರಿ ಒಣಗಲು ಬಿಡುತ್ತಾರೆ. ಗಾಳಿ ತಣ್ಣಗಿರುವ ಹೊತ್ತು ನೋಡಿ, ಎರಡೂ ಕಡೆ ಆಳು ನಿಲ್ಲಿಸಿ ಸುಡುತ್ತಾರೆ. ಆಮೇಲೆ ಪಟ್ಟಿಯ ಮೇಲೆ ಬಿದ್ದ ಎಲೆಯನ್ನು ಬೇಸಿಗೆಯುದ್ದಕ್ಕೂ ಗುಡಿಸುತ್ತಿರಬೇಕು. ವಾಚರ್‌ಗಳ ದಿನಗಳಲ್ಲಿ ಬೆಂಕಿಯ ಮುಂದೆ ಕಳೆಯುವುದಕ್ಕಿಂತ ಈ ಕೆಲಸದಲ್ಲಿ ಕಳೆಯುವುದೇ ಹೆಚ್ಚು.

ಮೊದಲು ಹೊಗೆಯ ಸುದ್ದಿ ಎತ್ತರದಿಂದ ಬರುತ್ತಿತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದಂಥ ಜಾಗದಲ್ಲೋ ಕಾವಲು ಗೋಪುರದಲ್ಲೋ ಕೂತವರು ಹೊಗೆ ಕಂಡು ವೈರ್‌ಲೆಸ್‌ನಲ್ಲಿ ತಿಳಿಸಿದರೆ, ಜೀಪು ಹೋಗುವಷ್ಟು ದೂರ ಜೀಪಿನಲ್ಲಿ, ಮುಂದಕ್ಕೆ ಕಾಲ್ನಡಿಗೆಯಲ್ಲಿ ತಂಡ ಹೊರಡುತ್ತಿತ್ತು. ಹತಾರವೆಂದರೆ ದಾರಿಯಲ್ಲಿ ಮುರಿದುಕೊಂಡ ಹಸಿ ಸೊಪ್ಪಿನ ಕೊಂಬೆ. ಸೊಪ್ಪನ್ನು ಎತ್ತಿ ಬಡಿದರೆ ಕಿಡಿ ಹಾರಿ ಹಿಂದೆ ಹೊತ್ತಿಕೊಳ್ಳುತ್ತದೆ. ಒತ್ತಿ, ಸುಟ್ಟ ನೆಲದ ಕಡೆಗೆ ಎಳೆಯಬೇಕು. ಬೆಂಕಿಯ ತಲೆಗೆ ಎದುರಾಗಿ ಯಾರೂ ನಿಲ್ಲುವುದಿಲ್ಲ. ಬಾಲದಿಂದ ಶುರುಮಾಡಿ ಪಕ್ಕೆಗಳನ್ನು ಒತ್ತುತ್ತಾ ತಲೆಯ ಕಡೆಗೆ ಸಾಗುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮುಂದಿನ ರೇಖೆಗೋ ಹಳ್ಳಕ್ಕೋ ಹಿಂದೆ ಸರಿದು ಎದುರು ಬೆಂಕಿ ಕೊಡುತ್ತಾರೆ. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುವುದರಿಂದ ಅದರ ಮೇಲ್ಗಡೆ ನಿಲ್ಲುವುದು ಅಪಾಯ. ರಾತ್ರಿ ಗಾಳಿ ತಗ್ಗಿ ತೇವ ಏರಿದಾಗ ಕೆಲಸ ಸುಲಭ, ಆದರೆ ಆಗ ಆನೆಯ ಭಯ.

ಉರಿ ಆರಿದ ಮೇಲೆ ಉಳಿದದ್ದೇ ಹೆಚ್ಚು ತಾಳ್ಮೆ ಬೇಡುವ ಕೆಲಸ. ಪೊಳ್ಳು ಮರ, ಬಿದ್ದ ಕೊರಡು, ಒಣಗಿದ ಆನೆ ಲದ್ದಿ ಒಳಗೊಳಗೇ ಹೊಗೆಯಾಡುತ್ತಿರುತ್ತವೆ; ಮಾರನೆಯ ದಿನ ನಡುಹಗಲಿನ ಗಾಳಿಗೆ ಮತ್ತೆ ಭುಗಿಲೇಳುತ್ತವೆ. ಅವನ್ನು ಒಂದೊಂದಾಗಿ ಹುಡುಕಿ, ಉರುಳಿಸಿ, ಮಣ್ಣು ಮುಚ್ಚದೆ ತಂಡ ಹಿಂತಿರುಗುವಂತಿಲ್ಲ.

ಕಾಡು ಬದಲಾದಂತೆ ಬೆಂಕಿಯ ಗುಣವೂ ಬದಲಾಯಿತು. ಹೊರದೇಶದಿಂದ ಅಲಂಕಾರಕ್ಕೆಂದು ಬಂದ ಲಾಂಟಾನ ಆಳೆತ್ತರದ ಪೊದೆಯಾಗಿ ಹಬ್ಬಿತು. ಬಿಳಿಗಿರಿಯಲ್ಲಿ 1997 ಮತ್ತು 2008ರಲ್ಲಿ ನಡೆದ ಸಮೀಕ್ಷೆಗಳ ನಡುವೆ ಅದು ಕಂಡುಬಂದ ಜಾಗಗಳು ಸುಮಾರು ದುಪ್ಪಟ್ಟಾಗಿದ್ದವು. 2010ರ ಆಸುಪಾಸಿನಲ್ಲಿ ಬಿದಿರು ಹೂ ಬಿಟ್ಟು ಹಿಂಡುಹಿಂಡಾಗಿ ಸತ್ತು ಒಣಗಿ ನಿಂತಿತು. ಮೊಣಕಾಲೆತ್ತರದ ಉರಿ ಈಗ ಪೊದೆ ಹತ್ತಿ ಕೊಂಬೆ ಮುಟ್ಟತೊಡಗಿತು. ಸೊಪ್ಪು ಹಿಡಿದು ಹತ್ತಿರ ಹೋಗುವುದೇ ಕಷ್ಟವಾಯಿತು. 2012ರಲ್ಲಿ ನಾಗರಹೊಳೆ ಸುಟ್ಟಿತು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಯಲ್ಲಿ ಒಬ್ಬ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿ ಕೊನೆಯ ವಾರ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದು, ವಾಯುಪಡೆಯ ಹೆಲಿಕಾಪ್ಟರ್‌ಗಳು ತೊಟ್ಟಿಯಲ್ಲಿ ನೀರು ತಂದು ಸುರಿದವು.

ಹೊಗೆ ಕಾಣುವ ಕೆಲಸವೂ ಕೈ ಬದಲಾಯಿಸಿತು. 2004ರಿಂದ ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹದ ಮೋಡಿಸ್ ಸಂವೇದಕ ಗುರುತಿಸಿದ ಬೆಂಕಿಯ ಮಾಹಿತಿಯನ್ನು ರಾಜ್ಯಗಳಿಗೆ ಕಳಿಸುತ್ತಿದೆ. ಅದು ತೋರಿಸುವ ಒಂದು ಚುಕ್ಕೆ ನೆಲದ ಮೇಲೆ ಒಂದು ಕಿಲೋಮೀಟರ್ ಚದರ. ಆಮೇಲೆ ಬಂದ ವೀರ್ಸ್ ಸಂವೇದಕದಲ್ಲಿ ಅದು 375 ಮೀಟರಿಗೆ ಇಳಿಯಿತು. ಸಂದೇಶ ಈಗ ಗಾರ್ಡ್‌ನ ಮೊಬೈಲಿಗೇ ಬರುತ್ತದೆ. ಆದರೂ ಉಪಗ್ರಹ ಹಾದುಹೋಗುವುದು ದಿನಕ್ಕೆ ಕೆಲವೇ ಸಲ. ಆ ನಡುವೆ ಹೊತ್ತಿದ ಸಣ್ಣ ಬೆಂಕಿ ಮೊದಲು ಕಾಣುವುದು ಕಾವಲಿನಲ್ಲಿರುವವರಿಗೇ. ಸೊಪ್ಪಿನ ಜೊತೆಗೆ ಬೆನ್ನಿಗೆ ಹೊರುವ ಬ್ಲೋವರ್ ಬಂದಿದೆ: ಅದರ ಗಾಳಿ ತರಗನ್ನು ಸರಿಸಿ, ಹಲವರು ಗುಡಿಸುವಷ್ಟು ಪಟ್ಟಿಯನ್ನು ಒಬ್ಬನೇ ತೆರೆಯುವಂತೆ ಮಾಡುತ್ತದೆ. ನೀರಿನ ಟ್ಯಾಂಕು ಕಟ್ಟಿದ ಜೀಪುಗಳು ರಸ್ತೆಯಂಚಿನ ಬೆಂಕಿಗೆ ನೆರವಾಗುತ್ತವೆ, ಒಳಗಾಡಿಗೆ ಹೋಗಲಾರವು.

ಉದ್ಯೋಗದ ರೀತಿಯಲ್ಲಿ ಬದಲಾವಣೆ ಕಡಿಮೆ. ಹಿಂದೆ ರೇಂಜ್ ಕಚೇರಿ ನೇರವಾಗಿ ಕೊಡುತ್ತಿದ್ದ ದಿನಗೂಲಿ ಹಲವೆಡೆ ಹೊರಗುತ್ತಿಗೆಯ ಮೂಲಕ ಬರುತ್ತದೆ. ಮಳೆ ಬಿದ್ದೊಡನೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಅನುಭವಸ್ಥರಿಗೂ ಮರುವರ್ಷ ಕೆಲಸ ಸಿಗುವ ಖಾತ್ರಿಯಿಲ್ಲ. ಹಾಡಿಗಳು ಕಾಡಿನಿಂದ ಹೊರಗೆ ಸರಿದ ಕಡೆ ಹೊಸದಾಗಿ ಸೇರುವ ಹುಡುಗರಿಗೆ ಒಳದಾರಿ, ನೀರಿನ ಗುಂಡಿ, ಗಾಳಿ ತಿರುಗುವ ಹೊತ್ತು ಇವನ್ನೆಲ್ಲ ಹಿರಿಯರು ಹೇಳಿಕೊಡಬೇಕು. 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ತರಗು ಬೆಂಕಿ ಮಾತ್ರ ಮರಳಲಿಲ್ಲ. ಬೇಸಿಗೆಗೆ ಮೊದಲೇ ಹದವಾಗಿ ಸುಡುವುದರಿಂದ ಲಾಭವೋ ನಷ್ಟವೋ ಎಂಬ ಚರ್ಚೆ ಪರಿಸರ ವಿಜ್ಞಾನಿಗಳಲ್ಲಿ ನಡೆದೇ ಇದೆ. ಅದು ತೀರ್ಮಾನವಾಗುವವರೆಗೆ ವಾಚರ್‌ನ ಕೆಲಸ ರೇಖೆ ಸುಡುವುದು, ಹೊಗೆ ಕಾಯುವುದು, ಬೆಂಕಿ ಆರಿಸುವುದು, ಈ ಮೂರೇ.