ಅರಳೆಯ ನಾಡಿನಲ್ಲಿ ನೂಲಿನ ಬರ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯು ಯುದ್ಧಕ್ಕೂ ಸಲ್ಲುವುದು. 1939ರಲ್ಲಿ ಯುರೋಪದಲ್ಲಿ ಹೊತ್ತಿದ ಬೆಂಕಿಯು ಗದಗ-ಬೆಟಗೇರಿಯ ಜನರಿಗೆ ಮೊದಮೊದಲು ಕೇವಲ ವೃತ್ತಪತ್ರದ ವಾರ್ತೆಯಾಗಿದ್ದಿತು. ಕಪ್ಪತಗುಡ್ಡವು ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಶಿಂಗಟಾಲೂರಿನ ವರೆಗೆ ಎಂದಿನಂತೆ ಚಾಚಿದ್ದಿತು. ಎರೆಯ ಹೊಲಗಳಲ್ಲಿ ಹತ್ತಿ ಒಡೆಯುತ್ತಿದ್ದಿತು. ಬೆಟಗೇರಿಯ ಓಣಿಗಳಲ್ಲಿ ಲಾಳಿಯ ಸಪ್ಪಳವು ಹೊತ್ತು ಮೂಡುವ ಮೊದಲೇ ಕೇಳಿಬರುತ್ತಿದ್ದಿತು. ಗುಂಡಿನ ಸಪ್ಪಳವಾದರೋ ಯಾರ ಕಿವಿಗೂ ಬೀಳಲಿಲ್ಲ.

ಆದರೂ ಯುದ್ಧವು ಬಂದೇ ಬಂದಿತು. ನೂಲಿನ ಅಭಾವವಾಗಿ ಬಂದಿತು. ದೇಶದ ಗಿರಣಿಗಳು ಸೈನ್ಯದ ಅರಿವೆಗೆ ತೊಡಗಿದುವು. 1941ರ ಕೊನೆಗೆ ಜಪಾನವು ವೈರಿಯಾಗಲು ಅಲ್ಲಿಯ ಸರಕೂ ಇಲ್ಲವಾಯಿತು. ಬೆಲೆಯು ಗಗನಕ್ಕೇರಿತು. 1943ರ ಜೂನದಲ್ಲಿ ಸರಕಾರವು ಅರಿವೆ-ನೂಲುಗಳ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿತು.

ಮಗ್ಗವೆಂಬುದು ಒಬ್ಬನ ಉದ್ಯೋಗವಲ್ಲ, ಇಡೀ ಮನೆಯ ಉದ್ಯೋಗ. ಹೆಂಗಸರು ಕಂಡಿಕೆ ಸುತ್ತುವರು. ಹಿರಿಯರು ಹಾಸಿನ ಎಳೆಗಳಿಗೆ ಗಂಜಿ ಹಚ್ಚುವರು. ಗಂಡಸು ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವನು. ನೂಲು ನಿಂತರೆ ಎಲ್ಲರ ಕೈಗಳೂ ಒಮ್ಮೆಲೇ ನಿಲ್ಲುವುವು. ಒಲೆಗೂ ಅದರ ಬಿಸಿ ತಟ್ಟುವುದು. ಅದೇ ವರ್ಷದ ಡಿಸೆಂಬರದಲ್ಲಿ ಬ್ರಿಟನ್ನಿನ ಸರಕಾರವು ಸೈನ್ಯಕ್ಕೆ ಕರೆಬಂದ ತರುಣರಲ್ಲಿ ಕೆಲವರನ್ನು ಚೀಟಿಯೆತ್ತಿ, ವೇಲ್ಸ್ ಮೊದಲಾದೆಡೆಯ ಕಲ್ಲಿದ್ದಲ ಗಣಿಗಳಿಗೆ ಕಳಿಸತೊಡಗಿತು. ಅಲ್ಲಿ ಕೆಲಸವಿದ್ದು ಕೈಗಳಿಲ್ಲ. ಇಲ್ಲಿ ಕೈಗಳಿದ್ದು ಕೆಲಸವಿಲ್ಲ. ಯುದ್ಧಕ್ಕೆ ಕಲ್ಲಿದ್ದಲು ಬೇಕು. ಬೆಟಗೇರಿಯ ಸೀರೆ ಅದಕ್ಕೇಕೆ?

ಇದಕ್ಕಿಂತ ಮಿಗಿಲಾದ ವಿಪರ್ಯಾಸವು ಬೇರೊಂದಿದೆ. ಬರಿದಾದ ಮಗ್ಗಗಳ ಊರಿಗೇ ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಗಳು ಬರುತ್ತಿದ್ದುವು. ಮುಂಡರಗಿಯು ಆಗ ಮುಂಬಯಿ ಪ್ರಾಂತದ್ದು, ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು, ಶಿರಹಟ್ಟಿಯು ಸಾಂಗಲಿಯದು. ಆಳುವವರು ಬೇರೆಯಾದರೂ ಹೊಲದ ಬಿಳುಪು ಒಂದೇ. ಬೆಳೆಯುವ ಕೈ ಇಲ್ಲಿಯೇ, ನೇಯುವ ಕೈಯೂ ಇಲ್ಲಿಯೇ. ನಡುವಿನ ನೂಲುವ ಕೈ ಮಾತ್ರ ಎಂದೋ ಕಳೆದುಹೋಗಿದ್ದಿತು. ಗಿರಣಿಯ ನೂಲು ಅಗ್ಗವಾದಂದಿನಿಂದ ಅಜ್ಜಿಯ ರಾಟೆಯು ಅಟ್ಟವನ್ನೇರಿದ್ದಿತು. ಆಪತ್ತಿನಲ್ಲಿ ಅದನ್ನಿಳಿಸಿದರೆ ಧೂಳು ಹೋದೀತು. ಮರೆತ ವಿದ್ಯೆಯು ಬೆರಳುಗಳಿಗೆ ಒಂದು ದಿನದಲ್ಲಿ ಮರಳೀತೆ?

ಅಗ್ಗವಾಗಿ ದೊರೆಯುವುದನ್ನು ಕೊಂಡು, ಮಾಡಬಲ್ಲುದನ್ನು ಮರೆತವರಿಗೆ ಆ ಮರೆವಿನ ಬೆಲೆಯು ಸುಕಾಲದಲ್ಲಿ ತಿಳಿಯದು. ದುಷ್ಕಾಲದಲ್ಲಿ ಒಮ್ಮೆಲೇ ತೆರಬೇಕಾಗುವುದು. 1945ರಲ್ಲಿ ಯುದ್ಧವು ನಿಂತಿತು, ನಿಯಂತ್ರಣವು ನಿಲ್ಲಲಿಲ್ಲ. ಗೆದ್ದವರ, ಸೋತವರ ಲೆಕ್ಕವನ್ನು ಇತಿಹಾಸಕಾರರು ಬರೆದಿಟ್ಟಿದ್ದಾರೆ. ಎರಡೂ ಪಕ್ಷದಲ್ಲಿ ನಿಲ್ಲದೆ, ಸುಮ್ಮನಿರುವ ಲಾಳಿಯನ್ನು ಕೈಯಲ್ಲಿ ಹಿಡಿದು ಗುಣಿಯ ಅಂಚಿನಲ್ಲಿ ಕುಳಿತ ನೇಕಾರನ ಲೆಕ್ಕವೂ ಅದರಲ್ಲಿ ಸೇರತಕ್ಕದ್ದು.